ಕೊನೆಯ ಹನ್ನೆರಡು ನಿಮಿಷ

ಹುಬ್ಬಳ್ಳಿಯ ಉಣಕಲ್ ಕಡೆ ಒಂದು ಹಳೆಯ ಗರಡಿಯ ಅಂಗಳದಲ್ಲಿ ನಾನು ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತೇನೆ. ಒಳಗೆ ಕೆಂಪು ಮಣ್ಣಿನ ಕುಸ್ತಿ, ಹೊರಗೆ ಬೇವಿನ ಮರಕ್ಕೆ ತೂಗುಹಾಕಿದ ಎರಡು ಪಂಚಿಂಗ್ ಬ್ಯಾಗ್. ಭಾನುವಾರ ಅಭ್ಯಾಸ ಮುಗಿಸಿ ಗಿರಮಿಟ್ಟು, ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಅದೇ ಜಗಳ ಶುರು: ಹೆವಿವೇಟ್, ಅಂದರೆ ಅತಿ ಭಾರದ ವರ್ಗದ ಬಾಕ್ಸರುಗಳಲ್ಲಿ ಎಲ್ಲ ಕಾಲಕ್ಕೂ ದೊಡ್ಡವನು ಯಾರು? ಅಲಿ ದೊಡ್ಡವನೋ, ಟೈಸನ್ನೋ? ಹಳೆಯ ಕಾಲದ ಚಾಂಪಿಯನ್ ಜೋ ಲೂಯಿಸ್ ಇವತ್ತು ಇದ್ದಿದ್ದರೆ ಈ ಕಾಲದ ದೈತ್ಯ ಫ್ಯೂರಿ ಎದುರು ನಿಲ್ಲುತ್ತಿದ್ದನಾ?

ಬಾಯಿಗೆ ಬಂದ ಉತ್ತರ ಕೊಟ್ಟು ಹುಡುಗರನ್ನು ಸುಮ್ಮನಾಗಿಸೋದು ನನಗೆ ಇಷ್ಟವಿರಲಿಲ್ಲ. ಅವರು ಮನಸ್ಸಿಟ್ಟು ಕೇಳುತ್ತಿದ್ದರು. ಹಾಗಾಗಿ ಒಂದು ನೋಟ್‌ಬುಕ್, ಒಂದು ಸ್ಟಾಪ್‌ವಾಚ್ ತಗೊಂಡು ರಾತ್ರಿ ಹಳೆಯ ಪಂದ್ಯಗಳನ್ನು ನೋಡತೊಡಗಿದೆ.

ಮೊದಲು ಬರೆದದ್ದು ಎತ್ತರ, ತೂಕ. 1950ರ ದಶಕದ ಚಾಂಪಿಯನ್ ಮಾರ್ಸಿಯಾನೋ 5 ಅಡಿ 10 ಇಂಚು, ಸುಮಾರು 84 ಕಿಲೋ. ಫ್ಯೂರಿ 6 ಅಡಿ 9 ಇಂಚು. ಕ್ರೂಸರ್‌ವೇಟ್‌ನ (ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ವರ್ಗ) ಇಂದಿನ ಮಿತಿಯೇ 200 ಪೌಂಡು, ಅಂದರೆ 90 ಕಿಲೋ ಚಿಲ್ಲರೆ. ಮಾರ್ಸಿಯಾನೋ ಇವತ್ತಾದರೆ ತಕ್ಕಡಿಯ ಮೇಲೆ ಹೆವಿವೇಟ್ ಕೂಡ ಆಗುವುದಿಲ್ಲ. ಈ ಲೆಕ್ಕದಲ್ಲಿ ಹಳಬರೆಲ್ಲ ಸೋಲಲೇಬೇಕು. ಆದರೆ 1919ರಲ್ಲಿ ಟೊಲೆಡೋದಲ್ಲಿ ಸುಮಾರು 85 ಕಿಲೋದ ಡೆಂಪ್ಸಿ, 111 ಕಿಲೋದ ಚಾಂಪಿಯನ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. ಅಷ್ಟು ಹಿಂದೆ ಹೋಗುವುದೂ ಬೇಡ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಉಸಿಕ್ ತನಗಿಂತ ಹೆಚ್ಚುಕಡಿಮೆ 17 ಕಿಲೋ ಭಾರದ ಫ್ಯೂರಿಯನ್ನು ಸೋಲಿಸಿದ್ದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ಆಮೇಲೆ ವೇಗಕ್ಕೆ ಬಂದೆ. ಇಲ್ಲಿ ದೊಡ್ಡ ತಪ್ಪು ಮಾಡಿದೆ. ಡೆಂಪ್ಸಿಯ ಕೈಗಳು ಮಿಂಚಿನ ಹಾಗೆ ಓಡುವುದನ್ನು ನೋಡಿ, ಟೈಸನ್‌ಗಿಂತಲೂ ಚುರುಕು ಅಂತ ಬರೆದುಕೊಂಡೆ. ಒಂದು ರಾತ್ರಿ ರೆಫರಿ ಕಡೆ ಕಣ್ಣು ಹೋಯಿತು. ಅವನೂ ಅಷ್ಟೇ ಜೋರಾಗಿ ಓಡಾಡುತ್ತಿದ್ದ! ಆ ಕಾಲದ ಕ್ಯಾಮೆರಾ ಕೈಯಿಂದ ತಿರುಗಿಸುವಂಥದ್ದು, ಸೆಕೆಂಡಿಗೆ ತೆಗೆಯುತ್ತಿದ್ದ ಚಿತ್ರಗಳು ಕಡಿಮೆ. ಅದನ್ನು ಇಂದಿನ ವೇಗದಲ್ಲಿ ಓಡಿಸಿದರೆ ಎಲ್ಲರೂ ಚುರುಕೇ. ಅಂದಿನಿಂದ ಮೂಕಿ ಕಾಲದ ಫಿಲ್ಮ್ ನೋಡುವಾಗ ಮೊದಲು ರೆಫರಿಯ ನಡಿಗೆ ನೋಡುತ್ತೇನೆ. ಅವನು ಮನುಷ್ಯರ ಹಾಗೆ ನಡೆಯುವವರೆಗೆ ವೇಗ ಇಳಿಸುತ್ತೇನೆ. ಹಾಗೆ ನೋಡಿದರೂ ಡೆಂಪ್ಸಿ ಚುರುಕೇ, ಆದರೆ ಮೊದಲು ಬರೆದಷ್ಟಲ್ಲ. ಆ ಪುಟಗಳನ್ನೆಲ್ಲ ಮತ್ತೆ ಬರೆದೆ.

ನನ್ನ ದಾರಿ ಬದಲಾದದ್ದು ಗರಡಿಯ ಹಿರಿಯ ಪೈಲವಾನರೊಬ್ಬರಿಂದ. ಅವರು ಬಾಕ್ಸಿಂಗ್ ನೋಡಿದವರೇ ಅಲ್ಲ. ನಮ್ಮ ಜಗಳ ಕೇಳಿಸಿಕೊಂಡು ಒಂದೇ ಮಾತು ಅಂದರು: “ಮೊದಲ ಇದನ್ನ ಹೇಳು, ಎಷ್ಟ ಹೊತ್ತಿನ ಕುಸ್ತಿ ಅದು?” ಅವರು ಆಡಿದ್ದು ಮಣ್ಣಿನ ಕುಸ್ತಿ. ಎದುರಾಳಿ ಚಿತ್ ಆಗುವವರೆಗೆ ಹಿಡಿದಾಡುವ ಕುಸ್ತಿ. ಇಂದಿನ ಮ್ಯಾಟ್ ಕುಸ್ತಿ ಆರು ನಿಮಿಷದ್ದು. ಅರ್ಧ ಗಂಟೆ ಉಸಿರು ಹಿಡಿಯುವ ಪೈಲವಾನನೇ ಬೇರೆ, ಆರು ನಿಮಿಷದಲ್ಲಿ ಅಂಕ ಕೀಳುವ ಪೈಲವಾನನೇ ಬೇರೆ. ಇಬ್ಬರ ಜೋಡಿ ಕಟ್ಟುವ ಮೊದಲು ಹೊತ್ತು ಗೊತ್ತಿರಬೇಕು.

ಹೆವಿವೇಟ್ ಕಿರೀಟದ ಪಂದ್ಯ ಬಹಳ ಕಾಲ 15 ರೌಂಡು ಇತ್ತು. 1915ರಲ್ಲಿ ಹವಾನಾದಲ್ಲಿ ಆಗಿನ ಚಾಂಪಿಯನ್ ಜಾಕ್ ಜಾನ್ಸನ್ ಸೋತದ್ದಂತೂ 26ನೇ ರೌಂಡಿನಲ್ಲಿ. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಎಂಬ ಲೈಟ್‌ವೇಟ್ ಹುಡುಗ 14ನೇ ರೌಂಡಿನಲ್ಲಿ ಬಿದ್ದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ಕಿರೀಟ ಕೊಡುವ ಒಂದೊಂದೇ ಸಂಸ್ಥೆ 12 ರೌಂಡಿಗೆ ಇಳಿಸಿತು. ಮಕ್ಕಳಿಗೆ ಕಲಿಸುವವನಾಗಿ ನಾನು ಪೂರ್ತಿ ಆ ಬದಲಾವಣೆಯ ಪರ.

ಆ ಹೆಚ್ಚಿನ ಮೂರು ರೌಂಡಿನಿಂದ ಏನಾಗುತ್ತದೆ ಅಂತ ಮೈಯಿಂದಲೇ ತಿಳಿಯಬೇಕು ಅನ್ನಿಸಿತು. ಒಂದು ಚಳಿಗಾಲದ ಬೆಳಗ್ಗೆ ಒಬ್ಬ ಹುಡುಗನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಬ್ಯಾಗ್ ಎದುರು ನಿಂತೆ. ಮೂರು ನಿಮಿಷ ಹೊಡೆತ, ಒಂದು ನಿಮಿಷ ಬಿಡುವು. 12 ರೌಂಡಿಗೆ 47 ನಿಮಿಷ, 15ಕ್ಕೆ 59; ನಡುವಿನ ಅಂತರ ಹನ್ನೆರಡು ನಿಮಿಷ. ಎಂಟರವರೆಗೆ ಚೆನ್ನಾಗಿತ್ತು. ಹನ್ನೆರಡನ್ನು ಹಟದಿಂದ ಮುಗಿಸಿದೆ. ಹದಿಮೂರರಲ್ಲಿ ಎಡಗೈ ಜ್ಯಾಬ್ (ನೇರ ಚುಟುಕು ಏಟು) ಹೊಡೆದು ಗದ್ದಕ್ಕೆ ವಾಪಸ್ ಬರಲೇ ಇಲ್ಲ, ಎದೆಯ ಹತ್ತಿರವೇ ನಿಂತಿತು. ಕಾಲು ಮಣ್ಣಿಗೆ ಅಂಟಿತು. ಎದುರಿಗಿದ್ದದ್ದು ಬರೀ ಬ್ಯಾಗ್. ಅದು ತಿರುಗಿ ಹೊಡೆಯುತ್ತಿರಲಿಲ್ಲ.

ಆ ಹನ್ನೆರಡು ನಿಮಿಷ ಮನಸ್ಸಿನಲ್ಲಿಟ್ಟುಕೊಂಡು ನೋಟ್‌ಬುಕ್ ಮತ್ತೆ ತೆರೆದೆ. 1941ರಲ್ಲಿ ನ್ಯೂಯಾರ್ಕಿನಲ್ಲಿ ಚಾಂಪಿಯನ್ ಲೂಯಿಸ್ ಎದುರು ನಿಂತವನು ಬಿಲ್ಲಿ ಕಾನ್, ಲೂಯಿಸ್‌ಗಿಂತ ಬಹಳ ಹಗುರ ಆಳು. 12 ರೌಂಡು ಮುಗಿದಾಗ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಅವನೇ ಮುಂದೆ, ಇನ್ನೊಬ್ಬರದ್ದು ಸಮ. ಹದಿಮೂರನೆಯದು ಮುಗಿಯಲು 2 ಸೆಕೆಂಡು ಇದ್ದಾಗ ಲೂಯಿಸ್ ಅವನನ್ನು ಮಲಗಿಸಿದ. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾರ್ಸಿಯಾನೋ ಎದುರು ಚಾಂಪಿಯನ್ ವಾಲ್ಕಾಟ್ ಮೂವರ ಲೆಕ್ಕದಲ್ಲೂ ಮುಂದಿದ್ದ. ಹದಿಮೂರನೆಯದರಲ್ಲಿ ಮಾರ್ಸಿಯಾನೋನ ಒಂದೇ ಬಲಗೈ ಏಟು, ಕಿರೀಟ ಕೈ ಬದಲಾಯಿತು. ಇಂದಿನ 12 ರೌಂಡಿನ ನಿಯಮ ಇದ್ದಿದ್ದರೆ? ಲೂಯಿಸ್‌ನ ಸತತ 25 ಸಲ ಕಿರೀಟ ಉಳಿಸಿಕೊಂಡ ದಾಖಲೆ ನಡುವೆಯೇ ಮುರಿಯುತ್ತಿತ್ತು. ಮಾರ್ಸಿಯಾನೋನ 49-0, ಅಂದರೆ 49 ಗೆಲುವು, ಒಂದೂ ಸೋಲಿಲ್ಲ ಅನ್ನುವ ದಾಖಲೆ, ಇರುತ್ತಲೇ ಇರಲಿಲ್ಲ. ಇಬ್ಬರ ಕೈಬಲ ಮಾತ್ರ ಅಷ್ಟೇ ಇರುತ್ತಿತ್ತು.

1969ರಲ್ಲಿ ಇದೇ ಜಗಳವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದರು. ಅಲಿ, ಮಾರ್ಸಿಯಾನೋ ಇಬ್ಬರನ್ನೂ ಕ್ಯಾಮೆರಾ ಮುಂದೆ ಆಡಿಸಿ, ಬೇರೆ ಬೇರೆ ಕೊನೆಗಳನ್ನು ಚಿತ್ರಿಸಿದರು. ಅಮೆರಿಕದಲ್ಲಿ ತೋರಿಸಿದ್ದರಲ್ಲಿ ಮಾರ್ಸಿಯಾನೋ ಗೆದ್ದ. ಯುರೋಪಿನಲ್ಲಿ ತೋರಿಸಿದ್ದರಲ್ಲಿ ಅಲಿ ಗೆದ್ದ. ಯಂತ್ರದ ಉತ್ತರದ ಮೇಲೆ ನನಗೆ ನಂಬಿಕೆ ಹೋದದ್ದು ಅಲ್ಲೇ.

ಈಗ ಹುಡುಗರು ಕೇಳಿದರೆ ನಾನು ಎರಡು ಉತ್ತರ ಕೊಡುತ್ತೇನೆ. ಮೊದಲ ನಾಲ್ಕೈದು ರೌಂಡಿಗೆ 1986ರಿಂದ 1988ರವರೆಗಿನ ಟೈಸನ್‌ನಷ್ಟು ಅಪಾಯದ ಆಳನ್ನು ನಾನು ನೋಡಿಲ್ಲ. ಮೈಕಲ್ ಸ್ಪಿಂಕ್ಸ್‌ನನ್ನು ಅವನು ಮುಗಿಸಿದ್ದು 91 ಸೆಕೆಂಡಿನಲ್ಲಿ. 15 ರೌಂಡು ಅಂದರೆ ಅಲಿ. 1971ರಲ್ಲಿ ಹದಿನೈದನೇ ರೌಂಡಿನಲ್ಲಿ ಫ್ರೇಜರ್‌ನ ಎಡಗೈ ಹುಕ್‌ಗೆ ಬಿದ್ದು ತಕ್ಷಣ ಎದ್ದವನು ಅವನು. ಆ ಪಂದ್ಯ ಸೋತ, ಆದರೆ ಆ ಹೊತ್ತಿನಲ್ಲಿ ಏಳುವುದು ಏನು ಅಂತ ನನ್ನ ಎಡಗೈಗೆ ಗೊತ್ತು. ಇಂದಿನವರಲ್ಲಿ ಉಸಿಕ್ ಒಬ್ಬನೇ ನನಗೆ ಹಳಬರ ಹಾಗೆ ಕಾಣುತ್ತಾನೆ. ರೌಂಡು ಕಳೆದಂತೆ ಅವನ ಕಾಲು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಲ್ಯಾರಿ ಹೋಮ್ಸ್ ಹೆಸರನ್ನು ನಮ್ಮ ಹುಡುಗರು ಕೇಳಿಯೇ ಇರಲಿಲ್ಲ. 1978ರಲ್ಲಿ ಕೆನ್ ನಾರ್ಟನ್ ಎದುರು 14 ರೌಂಡು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕವೂ ಸಮ. ಕಿರೀಟ ನಿಂತದ್ದು ಕೊನೆಯ ಮೂರು ನಿಮಿಷದ ಮೇಲೆ. ಹೋಮ್ಸ್ ಗೆದ್ದದ್ದು ಇಬ್ಬರು ತೀರ್ಪುಗಾರರು ಕೊಟ್ಟ ಒಂದೇ ಅಂಕದ ಅಂತರದಿಂದ. ಕಳೆದ ಭಾನುವಾರ ಆ ರೌಂಡನ್ನು ಮೊಬೈಲಿನಲ್ಲಿ ಹಾಕಿ, ಸದ್ದು ಪೂರ್ತಿ ತೆಗೆದು, ಹುಡುಗರ ನಡುವೆ ಇಟ್ಟೆ. ಹಿರಿಯ ಪೈಲವಾನರೂ ಬಂದು ಹಿಂದೆ ನಿಂತರು. ಮೂರು ನಿಮಿಷ ಯಾರೂ ಮಿರ್ಚಿಗೆ ಕೈ ಹಾಕಲಿಲ್ಲ.