ದೊಡ್ಡರೋಗದ ಲಸಿಕೆ ನಿಲ್ಲಿಸಿದ ದಿನಗಳು

ದನಗಳನ್ನು ಕೊಲ್ಲುತ್ತಿದ್ದ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ಲಸಿಕೆ ಹಾಕುವುದಕ್ಕಿಂತ ಅದನ್ನು ನಿಲ್ಲಿಸುವುದೇ ಪಶುವೈದ್ಯನಾಗಿ ನನಗೆ ಹೆಚ್ಚು ಕಷ್ಟವಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ಐಸ್ ತುಂಬಿದ ಫ್ಲಾಸ್ಕನ್ನು ಹೆಗಲಿಗೇರಿಸಿಕೊಂಡು ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತುತ್ತಿದ್ದೆವು. ದನದ ಚರ್ಮ ಎತ್ತಿಹಿಡಿದು ಚುಚ್ಚುತ್ತಿದ್ದ ಆ ಒಂದು ಮಿ.ಲೀ. ಲಸಿಕೆಯ ಮೂಲ ವೈರಸ್ ಕೀನ್ಯಾದ್ದು. ರೋಗ ತರದಂತೆ ಅದನ್ನು ಪಳಗಿಸಿದವರು ಅಲ್ಲಿ ದುಡಿಯುತ್ತಿದ್ದ ಪಶುವೈದ್ಯ ವಿಜ್ಞಾನಿ ವಾಲ್ಟರ್ ಪ್ಲೌರೈಟ್. ನಮ್ಮ ನಿರ್ಮೂಲನ ಯೋಜನೆಗೆ ಯುರೋಪಿನ ನೆರವೂ ಇತ್ತು.

1995ರ ನಂತರ ದೇಶದಲ್ಲಿ ರೋಗ ಕಾಣಿಸಲಿಲ್ಲ. ಆದರೆ ಕಾಣಿಸಲಿಲ್ಲವೆಂದಷ್ಟೇ ಹೇಳಿದರೆ ಪ್ಯಾರಿಸ್‌ನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪುತ್ತಿರಲಿಲ್ಲ. ಲಸಿಕೆ ನಿಲ್ಲಿಸಿ, ರೋಗವಿಲ್ಲವೆಂಬುದನ್ನು ರಕ್ತಪರೀಕ್ಷೆಯಿಂದ ತೋರಿಸಬೇಕಿತ್ತು. ಲಸಿಕೆಯಿಂದ ಬಂದ ಪ್ರತಿಕಾಯವನ್ನೂ (ರೋಗವನ್ನೆದುರಿಸಲು ರಕ್ತದಲ್ಲಿ ಹುಟ್ಟುವ ವಸ್ತು) ರೋಗದಿಂದ ಬಂದದ್ದನ್ನೂ ಪರೀಕ್ಷೆಯಲ್ಲಿ ಬೇರ್ಪಡಿಸಲಾಗದಿದ್ದುದೇ ಇದಕ್ಕೆ ಕಾರಣ. ಇದನ್ನು ರೈತರಿಗೆ ಹೇಳುವುದು ಸುಲಭವಿರಲಿಲ್ಲ. ತನ್ನ ಕೊಟ್ಟಿಗೆ ಒಂದೇ ವಾರದಲ್ಲಿ ಬರಿದಾದದ್ದನ್ನು ಕಂಡಿದ್ದ ಹಿರಿಯರೊಬ್ಬರು, 'ನಾಳೆ ಬಂದ್ರೆ ಯಾರು ಹೊಣೆ ಡಾಕ್ಟ್ರೇ?' ಎಂದಾಗ, ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಭೇದಿ ಇವು ಕಂಡ ದಿನವೇ ಹೇಳಿ ಕಳುಹಿಸಿ, ನಾನು ಬರುತ್ತೇನೆ ಎಂದೆ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿರಲಿಲ್ಲ.

ರಕ್ತ ತೆಗೆಯಲು ಕರು ಆರಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯ ಕರಗಿರಬೇಕು, ಆದ್ದರಿಂದ ವರ್ಷ ತುಂಬಿರಬೇಕು. ಲಸಿಕೆ ನಿಂತ ಮೇಲೆ ಹುಟ್ಟಿದ್ದೆಂಬ ಖಾತರಿಗೆ ಹಾಲುಹಲ್ಲು ಇನ್ನೂ ಬಿದ್ದಿರಬಾರದು. ಹೀಗಾಗಿ ಒಂದೊಂದು ಹಳ್ಳಿಕಾರ್ ಕರುವಿನ ತುಟಿ ಬಿಡಿಸಿ, ಮುಂದಿನ ಹಲ್ಲು ನೋಡಿ, ನಂತರವೇ ಕೊರಳ ನಾಳಕ್ಕೆ ಸೂಜಿ ಹಾಕುತ್ತಿದ್ದೆ. ಒಮ್ಮೆ ರಕ್ತ ಹೆಪ್ಪುಗಟ್ಟುವ ಮೊದಲೇ ಕೊಳವೆಗಳನ್ನು ಜೀಪಿನಲ್ಲಿಟ್ಟು ಹೊರಟೆ. ಕುಲುಕಾಟಕ್ಕೆ ಸೀರಮ್ (ಪರೀಕ್ಷೆಗೆ ಬೇಕಾದ ರಕ್ತದ ತಿಳಿ) ಕೆಂಪಾಗಿ ಇಡೀ ದಿನದ ಮಾದರಿಗಳು ಹಾಳಾದವು. ಆ ಮೇಲೆ ಕೊಳವೆಗಳನ್ನು ಓರೆಯಾಗಿಟ್ಟು, ತಿಳಿ ಬಿಡುವವರೆಗೆ ಮರದ ನೆರಳಲ್ಲಿ ಕಾಯುವುದನ್ನು ರೂಢಿಸಿಕೊಂಡೆ.

1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಹೊರಟ ದನಗಳು ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇದೇ ರೋಗ ಹರಡಿದ್ದರಿಂದ 1924ರಲ್ಲಿ ಪ್ಯಾರಿಸ್‌ನ ಆ ಸಂಸ್ಥೆ ಹುಟ್ಟಿತು. ಅದೇ ಸಂಸ್ಥೆ 2006ರಲ್ಲಿ ಭಾರತವನ್ನು ಸೋಂಕುಮುಕ್ತವೆಂದು ಒಪ್ಪಿಕೊಂಡಿತು. 2011ರಲ್ಲಿ ರೋಗ ಭೂಮಿಯಿಂದಲೇ ಅಳಿದಿದೆಯೆಂದು ಘೋಷಣೆಯಾಯಿತು. ಆ ಹಿರಿಯರ ಮನೆಯಿಂದ ನನಗೆ ಒಮ್ಮೆಯೂ ಕರೆ ಬರಲಿಲ್ಲ.