ಊರಿನ ಚರಿತ್ರೆ ಸಂಗ್ರಹಿಸುವವರಿಗೆ ಒಂದು ಸಲಹೆ

ಮೊದಲು ಹಿರಿಯರ ಬಳಿಗೆ ಹೋಗಿ, ಕಟ್ಟಡಗಳ ಬಳಿಗೆ ಆಮೇಲೆ. ಹಳೆಯ ಫೋಟೊದಲ್ಲಿ ನಿಂತವರು ಯಾರೆಂದು ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಬರಿಗೈಯಲ್ಲಿ ಹೋಗಿ "ಹಿಂದಿನ ಕಾಲ ಹೇಗಿತ್ತು?" ಎಂದರೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಫೋಟೊವನ್ನೋ ಬೀದಿಯ ನಕ್ಷೆಯನ್ನೋ ಮುಂದಿಟ್ಟು "ಈ ಮೂಲೆಯಲ್ಲಿ ಯಾವ ಅಂಗಡಿ ಇತ್ತು?" ಎಂದು ಕೇಳಿ; ನೆನಪುಗಳು ಒಂದರ ಹಿಂದೆ ಒಂದು ಬರುತ್ತವೆ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ದಿನಾಂಕ, ಸ್ಥಳ, ಮಾತನಾಡುವವರ ಹೆಸರನ್ನು ಆರಂಭದಲ್ಲೇ ಹೇಳಿಬಿಡಿ.

ಫೋಟೊಗಳನ್ನು ಕನಿಷ್ಠ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಬಿಡಬೇಡಿ, ಸ್ಟುಡಿಯೊ ಮುದ್ರೆ, ಯಾರೋ ಬರೆದಿಟ್ಟ ಇಸವಿ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಮೂಲಪ್ರತಿಗೆ ಲ್ಯಾಮಿನೇಷನ್, ಅಂಟುಪಟ್ಟಿ ಖಂಡಿತ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಇಲ್ಲದಿದ್ದರೆ ಚಿತ್ರದ ಗುಣಮಟ್ಟ ಕುಸಿಯುತ್ತದೆ. ಮೂರು ಪ್ರತಿಗಳಿರಲಿ, ಒಂದು ಬೇರೆಯವರ ಮನೆಯಲ್ಲಿ.

ಹಂಚಿಕೊಳ್ಳುವಾಗ ಯಾರ ಸಂಗ್ರಹ, ಯಾರು ಹೇಳಿದ್ದು ಎಂಬುದನ್ನು ಪ್ರತಿ ಚಿತ್ರದ ಕೆಳಗೆ ಬರೆಯಿರಿ. ಇಬ್ಬರ ಮಾತು ತಾಳೆಯಾಗದಿದ್ದರೆ ಎರಡನ್ನೂ ಹಾಗೆಯೇ ದಾಖಲಿಸಿ. ನೀವೇ ತೀರ್ಪು ಕೊಡಲು ಹೋಗಬೇಡಿ, ಮುಂದೆ ಯಾವುದಾದರೂ ಕಾಗದಪತ್ರ ಸಿಕ್ಕಾಗ ಹೋಲಿಸಬಹುದು. ಊರಿನ ಗ್ರಂಥಾಲಯಕ್ಕೂ ಒಂದು ಪ್ರತಿ ಕೊಡಿ.