ಹತ್ತು ಸೆಂಟಿನ ಡಬ್ಬಿ: ಮಿಷಿಗನ್‌ನಲ್ಲಿ ಫೋಟೊ ತೆಗೆದ ನನ್ನ ಅನುಭವ

2009ರಲ್ಲಿ ನಾನು ಡೆಟ್ರಾಯ್ಟ್ ಪಕ್ಕದ ಒಂದು ಸಣ್ಣ ಊರಲ್ಲಿದ್ದೆ. ಏಪ್ರಿಲ್ ಕೊನೆಗೆ ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿತು, ಜೂನ್ 1ಕ್ಕೆ ಜನರಲ್ ಮೋಟರ್ಸ್. ಕಾರನ್ನೇ ನಂಬಿಕೊಂಡ ಸೀಮೆ ಅದು. ಕ್ಷೌರದಂಗಡಿಯವರಿಂದ ಹಿಡಿದು ನಮ್ಮಂಥ ಸಾಫ್ಟ್‌ವೇರ್ ಕಾಂಟ್ರ್ಯಾಕ್ಟ್‌ನವರ ತನಕ ಎಲ್ಲರ ಅನ್ನವೂ ಅಲ್ಲಿಂದಲೇ. ನನ್ನ ಕೆಲಸವೂ ಹೋಯಿತು. ಗ್ರೀನ್ ಕಾರ್ಡ್ ಇದ್ದದ್ದರಿಂದ ಊರು ಬಿಡಬೇಕಾಗಲಿಲ್ಲ. ಮನೆಯಲ್ಲಿ ಕೂರಲಾಗದೆ ಹಳೆಯ ನಿಕಾನ್ ಹಿಡಿದು ಹೊರಟೆ.

ಮೊದಲ ತಿಂಗಳು ಎಲ್ಲರೂ ತೆಗೆಯುವುದನ್ನೇ ತೆಗೆದೆ. ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣದ ಒಡೆದ ಕಿಟಕಿಗಳು, ಪ್ಯಾಕರ್ಡ್ ಕಾರ್ಖಾನೆಯ ಗೋಡೆಯಲ್ಲಿ ಬೆಳೆದ ಗಿಡ. ಫೋಟೊ ಚೆನ್ನಾಗಿಯೇ ಬಂದವು. ಆಮೇಲೆ ಒಂದು ರಾತ್ರಿ ಯೋಚನೆ ಬಂತು: ಆ ನಿಲ್ದಾಣ ಮುಚ್ಚಿದ್ದು 1988ರಲ್ಲಿ, ಪ್ಯಾಕರ್ಡ್ ಕಾರು ನಿಂತದ್ದು ಐವತ್ತರ ದಶಕದಲ್ಲಿ. ನನ್ನ ಬೀದಿಯಲ್ಲಿ ಈ ವರ್ಷ ಆಗುತ್ತಿರುವುದಕ್ಕೂ ಆ ಕಿಟಕಿಗಳಿಗೂ ಏನು ಸಂಬಂಧ? ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ, ಅಲ್ವಾ.

ಆಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ (ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಬಡ ರೈತರ ನೆರವಿಗಿದ್ದ ಸರ್ಕಾರಿ ಸಂಸ್ಥೆ) ತಂಡ ತೆಗೆದ ಫೋಟೊಗಳನ್ನು ದಿನಗಟ್ಟಲೆ ನೋಡಿದೆ. ಆ ತಂಡ ನಡೆಸುತ್ತಿದ್ದ ರಾಯ್ ಸ್ಟ್ರೈಕರ್ ತಮ್ಮ ಛಾಯಾಗ್ರಾಹಕರಿಗೆ ಪಟ್ಟಿ ಕಳಿಸುತ್ತಿದ್ದರಂತೆ: ಸಂಜೆ ಹೊತ್ತು ಜನ ಮನೆಯಲ್ಲಿ ಏನು ಮಾಡುತ್ತಾರೆ, ಅಂಥವು. ನಾನೂ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಬರೆದೆ. ಕೆಲಸ ಇಲ್ಲದವನು ಮಂಗಳವಾರ ಬೆಳಿಗ್ಗೆ ಎಲ್ಲಿರುತ್ತಾನೆ? ಇದು ಮೊದಲನೆಯದು.

ಉತ್ತರ ಸಿಕ್ಕಿದ್ದು ದಿನಸಿ ಅಂಗಡಿಯಲ್ಲಿ. ಮಿಷಿಗನ್‌ನಲ್ಲಿ ಸೋಡಾ ಡಬ್ಬಿಯೊಂದಕ್ಕೆ ಹತ್ತು ಸೆಂಟ್ ಠೇವಣಿ. ಖಾಲಿ ಡಬ್ಬಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ದುಡ್ಡು ವಾಪಸ್. ಯಂತ್ರ ಬಾರ್‌ಕೋಡ್ ಓದಬೇಕು, ಜಜ್ಜಿ ಹೋದ ಡಬ್ಬಿಯನ್ನು ತಳ್ಳಿಬಿಡುತ್ತದೆ. ಅಲ್ಲೊಬ್ಬರು, ಐವತ್ತು ದಾಟಿದವರು, ಕಾರ್ಖಾನೆಯ ಜಾಕೆಟ್ ಹಾಕಿಕೊಂಡು ನಿಂತಿದ್ದರು. ಯಂತ್ರ ವಾಪಸ್ ಕೊಟ್ಟ ಡಬ್ಬಿಯ ತಗ್ಗನ್ನು ಎರಡೂ ಹೆಬ್ಬೆರಳಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಿ, ಬಾರ್‌ಕೋಡ್ ಮೇಲಿದ್ದ ಅಂಟನ್ನು ತೋಳಿಗೆ ಒರೆಸಿ, ಮತ್ತೆ ಒಳಗಿಡುತ್ತಿದ್ದರು. ನಾನು ಕ್ಲಿಕ್ ಮಾಡಿದೆ.

ತಿರುಗಿ ನೋಡಿದರು. "ಒಂದು ಮಾತು ಕೇಳಬಾರದಿತ್ತಾ?" ಅಂದರು. ಅಷ್ಟೇ. ನನಗೆ ಮುಖ ಎತ್ತಲಾಗಲಿಲ್ಲ. ಕ್ಷಮೆ ಕೇಳಿ, ಫೋಟೊ ತೋರಿಸಿ, ಬೇಡ ಅಂದರೆ ಈಗಲೇ ಅಳಿಸುತ್ತೇನೆ ಅಂದೆ. ಸ್ವಲ್ಪ ಹೊತ್ತು ನೋಡಿ, "ಮುಂದಿನ ವಾರ ಒಂದು ಪ್ರಿಂಟ್ ತಂದುಕೊಡು" ಅಂದರು.

ತೆಗೆದುಕೊಂಡು ಹೋದೆ. ಪಾರ್ಕಿಂಗ್ ಜಾಗದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆವು. ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. "ಮೊದಲೆಲ್ಲ ಈ ಡಬ್ಬಿಗಳನ್ನು ಪಕ್ಕದ ಮನೆ ಹುಡುಗರಿಗೆ ಸುಮ್ನೆ ಕೊಟ್ಟುಬಿಡುತ್ತಿದ್ದೆ" ಅಂದರು. ಆ ವರ್ಷದ ಕಷ್ಟ ಏನು ಅಂತ ನನಗೆ ಗೊತ್ತಾದದ್ದು ಆ ಒಂದು ಮಾತಿನಿಂದ. ಫೋಟೊ ಒಂದರಿಂದಲೇ ಅದು ತಿಳಿಯುತ್ತಿರಲಿಲ್ಲ.

ಸ್ಟ್ರೈಕರ್ ತಂಡದಲ್ಲೇ ಇದ್ದ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ ವಲಸೆ ತಾಯಿಯ ಫೋಟೊ ನೀವು ನೋಡಿರುತ್ತೀರಿ. ಅವರು ಆಕೆಯ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಆಕೆ ಕಾರಿನ ಟೈರ್ ಮಾರಿ ಊಟ ತಂದರು ಅಂತ ಲ್ಯಾಂಗ್ ಬರೆದಿದ್ದರು, ಹಾಗೆ ಆಗೇ ಇಲ್ಲ ಅಂತ ಆಕೆಯ ಮಗ ಆಮೇಲೆ ಹೇಳಿದ. ಅಷ್ಟು ದೊಡ್ಡ ಕಲಾವಿದೆಗೂ ಕೇಳಿ ತಿಳಿಯುವುದು ತಪ್ಪಿಹೋಗಿತ್ತು.

ಅಲ್ಲಿಂದ ಮುಂದೆ ನಾನು ಮೊದಲು ಮಾತು, ಆಮೇಲೆ ಕ್ಯಾಮೆರಾ. ಫೋಟೊಗೆ ನಿಂತವರು ಹೇಳಿದ್ದನ್ನು ಅವತ್ತೇ ಸಂಜೆ ಬರೆದಿಡುತ್ತಿದ್ದೆ, ಪ್ರಿಂಟ್ ಒಂದನ್ನು ಅವರಿಗೇ ಕೊಡುತ್ತಿದ್ದೆ. 35 ಎಂಎಂ ಲೆನ್ಸ್ ಬಿಟ್ಟು ಬೇರೆ ಬಳಸಲಿಲ್ಲ, ಅದಕ್ಕೆ ಹತ್ತಿರ ಹೋಗಲೇಬೇಕು. ಕಪ್ಪು ಬಿಳುಪು ಮಾಡಲೂ ಮನಸ್ಸು ಒಪ್ಪಲಿಲ್ಲ. ಟ್ಯೂಬ್‌ಲೈಟಿನ ಹಸಿರು ಛಾಯೆ, ಕಡಿಮೆ ಬೆಳಕಿಗೆ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿದಾಗ ಬರುವ ಕಾಳು ಕಾಳು, ಎಲ್ಲವನ್ನೂ ಹಾಗೇ ಬಿಟ್ಟೆ, ಏಕೆಂದರೆ ಬಣ್ಣ ತೆಗೆದ ಕೂಡಲೇ ಅದು ಮೂವತ್ತರ ದಶಕದ ಯಾರದೋ ಕಷ್ಟದ ಹಾಗೆ ಕಾಣುತ್ತದೆ, ಆದರೆ ಇವರು ನಾನು ಹಾಲು ತರುವ ಅಂಗಡಿಯಲ್ಲೇ ಹಾಲು ತರುವವರು.

ಚಳಿಗಾಲದ ಹೊತ್ತಿಗೆ ಆ ಡಬ್ಬಿ ಹಾಕುತ್ತಿದ್ದವರು ಕೆಲಸ ಹುಡುಕಿಕೊಂಡು ಟೆಕ್ಸಸ್‌ಗೆ ಹೋದರು. ಆ ಫೋಟೊದ ಇನ್ನೊಂದು ಪ್ರಿಂಟ್ ನನ್ನ ಹತ್ತಿರ ಇದೆ. ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: ಮಂಗಳವಾರ ಬೆಳಿಗ್ಗೆ, 46 ಡಬ್ಬಿ, 4 ಡಾಲರ್ 60 ಸೆಂಟ್.